ದುರ್ಗಂಧವೂ ಭಯಾನಕವೂ: ಲೋಕಾಂತರ ಸಸ್ಯಗಳ ಕಥೆಗಳನ್ನು ಕುರಿತು ಒಂದು ವಿಚಾರ

ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಎಂಟು ರಸಗಳ ಪೈಕಿ ನಾಲ್ಕನ್ನು ಮೂಲವೆಂದು ಎಣಿಸಿ, ಮಿಕ್ಕ ನಾಲ್ಕು ಅವುಗಳಿಂದ ಹುಟ್ಟುತ್ತವೆಂದು ಹೇಳಿರುವುದು ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಶೃಂಗಾರದಿಂದ ಹಾಸ್ಯ, ರೌದ್ರದಿಂದ ಕರುಣ, ವೀರದಿಂದ ಅದ್ಭುತ, ಬೀಭತ್ಸದಿಂದ ಭಯಾನಕ. ಮೊದಲ ಮೂರು ಜೋಡಿಗಳಿಗೆ ಉದಾಹರಣೆ ಕೊಡುವುದು ಸುಲಭ. ಪಾಠ ಹೇಳುವವರು ಅಲ್ಲಿ ನಿಂತು, ನಾಲ್ಕನೆಯದನ್ನು ಹೆಸರಿಸಿ ಮುಂದೆ ಸಾಗುವುದೇ ವಾಡಿಕೆ. ಹೇಸಿಗೆಯಿಂದ ಹೆದರಿಕೆ ಹುಟ್ಟುವುದು ಹೇಗೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪ್ರಕೃತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಕಾವ್ಯನಾಟಕಗಳಿಂದ ದೂರವಾದ ಒಂದು ಸಾಹಿತ್ಯಪ್ರಕಾರದಲ್ಲಿಟ್ಟು ನೋಡಬೇಕೆಂದಿದ್ದೇವೆ. ಅನ್ಯಲೋಕದಿಂದ ಬಂದ, ಇಲ್ಲವೆ ಬಂದಂತೆ ತೋರುವ, ಸಸ್ಯಜೀವಿಗಳು ಮನುಷ್ಯನನ್ನು ಬೆದರಿಸುವ ಆಂಗ್ಲ ವೈಜ್ಞಾನಿಕ ಕಥೆಗಳೇ ಆ ಪ್ರಕಾರ. ಈ ಕಥೆಗಳ ಸಸ್ಯಗಳಿಗೆ ಕಾಲಿದೆ, ಬಾಯಿದೆ, ಕೊಂಡಿಯಿದೆ, ಕೆಲವೊಮ್ಮೆ ಬುದ್ಧಿಯೂ ಇದೆ. ವಾಸನೆ ಮಾತ್ರ ಅಪರೂಪ. ಇತ್ತ ನಮ್ಮ ಹಿತ್ತಿಲಲ್ಲಿಯೇ ಹೆಣದಂತೆ ನಾರುವ ಗಿಡಗಳಿವೆ. ಅವುಗಳಲ್ಲಿ ಒಂದನ್ನು ನಾವು ಪಲ್ಯ ಮಾಡಿ ತಿನ್ನುತ್ತೇವೆ. ಕಥೆಗಾರರು ಗಿಡಕ್ಕೆ ಪ್ರಾಣಿಯ ಅಂಗಗಳನ್ನೆಲ್ಲ ಅಂಟಿಸಿ, ಗಿಡವು ತಾನಾಗಿಯೇ ಹೊಂದಿರುವ ಪರಕೀಯತೆಯನ್ನು ಕೈಬಿಟ್ಟರೆಂಬುದು ನಮ್ಮ ಅಭಿಪ್ರಾಯ.

ಈ ಪ್ರಕಾರದ ಚರಿತ್ರೆಯನ್ನು ವಿಸ್ತರಿಸುವ ಅಗತ್ಯವಿಲ್ಲ. ಎಚ್. ಜಿ. ವೆಲ್ಸ್ ೧೮೯೮ರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳಗ್ರಹದವರೊಡನೆ ಒಂದು ಕೆಂಪು ಕಳೆಯನ್ನೂ ಭೂಮಿಗೆ ಇಳಿಸಿದನು. ಓಲಾಫ್ ಸ್ಟೇಪಲ್‌ಡನ್ ೧೯೩೭ರ 'ಸ್ಟಾರ್ ಮೇಕರ್'ನಲ್ಲಿ ಹಗಲು ಬೇರೂರಿ ಬಿಸಿಲಿನಲ್ಲಿ ಧ್ಯಾನಮಗ್ನರಾಗಿದ್ದು ಇರುಳು ಓಡಾಡುವ ಸಸ್ಯಮಾನವರನ್ನು ಕಲ್ಪಿಸಿದನು. ೧೯೫೧ರ 'ದಿ ಥಿಂಗ್ ಫ್ರಂ ಅನದರ್ ವರ್ಲ್ಡ್' ಚಲನಚಿತ್ರದಲ್ಲಿ ಆಕಾಶದಿಂದ ಬಿದ್ದವನು ಮನುಷ್ಯಾಕಾರದವನಾದರೂ ಸಸ್ಯಜಾತಿಯವನು; ತರಕಾರಿಯನ್ನು ಏನು ಮಾಡುತ್ತಾರೆಂದು ಕೇಳಿದಾಗ ಬೇಯಿಸುತ್ತಾರೆ, ಹುರಿಯುತ್ತಾರೆ ಎಂದು ಕಥೆಯ ಹೆಂಗಸು ಕೊಡುವ ಉತ್ತರವೇ ಅವನನ್ನು ಸುಡುವ ಯುಕ್ತಿಗೆ ದಾರಿಯಾಗುತ್ತದೆ. ಆ ಚಿತ್ರದ ವಿಜ್ಞಾನಿಗಳ ಪಾಂಡಿತ್ಯಕ್ಕಿಂತ ಈ ಅಡುಗೆಮನೆಯ ಜ್ಞಾನವೇ ನಮಗೆ ಹೆಚ್ಚು ಮೆಚ್ಚಿಗೆಯಾಯಿತು. ೧೯೬೦ರ 'ದಿ ಲಿಟಲ್ ಶಾಪ್ ಆಫ್ ಹಾರರ್ಸ್' ಚಿತ್ರದ ರಕ್ತಪಿಪಾಸು ಗಿಡವು ಹೂವಿನಂಗಡಿಯಲ್ಲಿ ಬೆಳೆಯುತ್ತದೆ. ಅದೇ ಕಥೆ ೧೯೮೨ರಲ್ಲಿ ಸಂಗೀತನಾಟಕವಾದಾಗ ಅದರ ಜನ್ಮಸ್ಥಾನವು ಅನ್ಯಲೋಕವಾಯಿತು. ಇವುಗಳ ಗುಣದೋಷಗಳು ಬೇರೆ ಬೇರೆ. ನಮ್ಮ ವಿಚಾರಕ್ಕೆ ಮುಖ್ಯವಾದ ಕೃತಿಗಳು ನಾಲ್ಕು.

ಮೊದಲನೆಯದು ವೆಲ್ಸ್‌ನು ೧೮೯೪ರಲ್ಲಿ ಪ್ರಕಟಿಸಿದ 'ದಿ ಫ್ಲವರಿಂಗ್ ಆಫ್ ದಿ ಸ್ಟ್ರೇಂಜ್ ಆರ್ಕಿಡ್' ಎಂಬ ಸಣ್ಣ ಕಥೆ. ಇದರ ಗಿಡ ಭೂಮಿಯದೇ. ಅಂಡಮಾನಿನ ಕಡೆಯ ಕಾಂಡ್ಲಾಕಾಡಿನ ಜೌಗಿನಲ್ಲಿ ಸತ್ತ ಸಂಗ್ರಾಹಕನೊಬ್ಬನ ಸರಕಿನೊಡನೆ ಲಂಡನ್ನಿನ ಹರಾಜಿಗೆ ಬಂದದ್ದು. ಆದರೂ ಮುಂದೆ ಆಕಾಶದಿಂದ ಇಳಿದ ಗಿಡಗಳಿಗೆಲ್ಲ ಇದೇ ಮಾತೃಕೆಯೆನ್ನಬಹುದು. ವೆಡರ್‌ಬರ್ನ್ ಎಂಬ ನಿರುಪದ್ರವಿ ಗೃಹಸ್ಥನು ಬಾಡಿದ ಆ ಗಡ್ಡೆಯನ್ನು ಕೊಂಡು ತನ್ನ ಗಾಜಿನ ಮನೆಯಲ್ಲಿ ನೆಡುತ್ತಾನೆ. ಮನೆ ನೋಡಿಕೊಳ್ಳುವ ಬಂಧುವೊಬ್ಬಳಿಗೆ ಅದರ ಬಿಳಲುಗಳನ್ನು ಕಂಡರಾಗದು. ಅವು ಬೆರಳುಗಳಂತೆ ತನ್ನತ್ತ ಚಾಚುತ್ತವೆಂದು ಆಕೆಯ ದೂರು. ಒಂದು ದಿನ ಗಾಜಿನ ಮನೆಯೊಳಗೆ ಹೊಸ ಪರಿಮಳವೊಂದು ಉಳಿದೆಲ್ಲ ವಾಸನೆಗಳನ್ನು ಮುಚ್ಚಿಹಾಕುವಷ್ಟು ದಟ್ಟವಾಗಿ ಹಬ್ಬಿರುತ್ತದೆ. ಹೂ ಅರಳಿದೆ. ಅದನ್ನು ನೋಡಲು ಬಾಗಿದ ವೆಡರ್‌ಬರ್ನ್ ಪ್ರಜ್ಞೆ ತಪ್ಪುತ್ತಾನೆ. ಬಿಳಲುಗಳು ಅವನ ಕೊರಳಿಗೆ ಕಚ್ಚಿಕೊಂಡು ರಕ್ತ ಹೀರುತ್ತಿರುವಾಗ ಆಕೆ ಗಾಜು ಒಡೆದು ಅವನನ್ನು ಹೊರಗೆಳೆಯುತ್ತಾಳೆ.

ನಾವು ಓದಿದ ಇಂತಹ ಕಥೆಗಳಲ್ಲಿ ವಾಸನೆಗೆ ನಿಜವಾದ ಕೆಲಸವಿರುವುದು ಇದೊಂದರಲ್ಲಿಯೇ ಎಂದರೆ ತಪ್ಪಾಗಲಾರದು. ಅದು ಅಲಂಕಾರವಲ್ಲದೆ ಘಟನೆಯ ಕಾರಣವೇ ಆಗಿದೆ. ಅದಿಲ್ಲದೆ ಕಥೆ ನಡೆಯದು. ಆದರೆ ವೆಲ್ಸ್ ಆರಿಸಿಕೊಂಡದ್ದು ಸುಗಂಧವನ್ನು. ಮೋಹಿಸಿ ಕೊಲ್ಲುವ ಚೆಲುವೆಯ ಹಳೆಯ ಕಥೆಯೇ ಇಲ್ಲಿ ಹೂವಿನ ವೇಷದಲ್ಲಿ ಬಂದಿದೆಯೆಂದು ವಾಚಕರಿಗೆ ಹೊಳೆಯದಿರದು. ಇಲ್ಲಿಯ ಭಯಕ್ಕೆ ತಾಯಿ ಶೃಂಗಾರ. ಅದು ಭರತನ ಪಟ್ಟಿಯಲ್ಲಿಲ್ಲದ ಸಂಬಂಧ. ಬೀಭತ್ಸವು ಕಾಲಿಡುವುದು ಕೊನೆಗೆ, ಮರುದಿನ ಬೆಳಿಗ್ಗೆ ಆ ಗಿಡ ಕಪ್ಪಾಗಿ ಕೊಳೆತು ಬಿದ್ದಿರುವಾಗ. ಆ ಹೊತ್ತಿಗೆ ಅಪಾಯ ಕಳೆದಿದೆ, ವೆಡರ್‌ಬರ್ನ್ ತನ್ನ ಸಾಹಸಕ್ಕಾಗಿ ಹಿಗ್ಗುತ್ತಿದ್ದಾನೆ. ದುರ್ಗಂಧವು ವೆಲ್ಸ್‌ನಿಗೆ ಸಾವಿನ ಗುರುತು ಮಾತ್ರ. ಬದುಕಿರುವ ಗಿಡ, ಆರೋಗ್ಯದಿಂದಿರುವ ಗಿಡ, ತನ್ನ ಉತ್ಕರ್ಷದ ದಿನದಲ್ಲಿಯೇ ಕೊಳೆತ ವಾಸನೆ ಬೀರಬಹುದೆಂಬ ಸಂಗತಿಗೆ ಈ ಕಥೆಯಲ್ಲಿ ಎಡೆಯಿಲ್ಲ.

ಎರಡನೆಯ ಕೃತಿ ಜಾನ್ ವಿಂಡಮ್‌ನ ೧೯೫೧ರ ಕಾದಂಬರಿ 'ದಿ ಡೇ ಆಫ್ ದಿ ಟ್ರಿಫಿಡ್ಸ್'. ಒಂದು ಇರುಳು ಆಕಾಶದಲ್ಲಿ ಹಸುರು ಬೆಳಕಿನ ಮಳೆ ಸುರಿಯುತ್ತದೆ. ಅದನ್ನು ನೋಡಿದವರೆಲ್ಲರೂ ಬೆಳಗಾಗುವಷ್ಟರಲ್ಲಿ ಕುರುಡರಾಗುತ್ತಾರೆ. ಆ ಮೇಲೆ ನಾಡನ್ನು ಆಕ್ರಮಿಸುವುವು ಟ್ರಿಫಿಡ್ ಎಂಬ, ಮೂರು ಮೊಂಡುಕಾಲುಗಳ ಮೇಲೆ ನಡೆಯುವ, ವಿಷದ ಚಾವಟಿಯುಳ್ಳ ಗಿಡಗಳು. ಈ ಗಿಡಗಳು ಆಕಾಶದಿಂದ ಬಂದವೆಂದು ಹೇಳುವುದು ೧೯೬೨ರ ಚಲನಚಿತ್ರ. ಕಾದಂಬರಿಯ ನಿರೂಪಕನಾದ ಬಿಲ್ ಮೇಸನ್‌ನ ಊಹೆಯಂತೆ ಅವು ಮನುಷ್ಯನ ಜಾಣತನದಿಂದ ಹುಟ್ಟಿದವು. ಅವುಗಳ ಎಣ್ಣೆಗೆ ಬೆಲೆಯಿದ್ದುದರಿಂದ ತೋಟಗಳಲ್ಲಿ ಸಾಲಾಗಿ ಬೆಳೆಸುತ್ತಿದ್ದರು. ಕೊಂಡಿ ಕತ್ತರಿಸಿದ ಟ್ರಿಫಿಡ್ಡುಗಳನ್ನು ಜನರು ಮನೆಯ ಉದ್ಯಾನದಲ್ಲಿಯೂ ಇಟ್ಟುಕೊಂಡಿದ್ದರೆಂಬುದನ್ನು ವಾಚಕರು ಗಮನಿಸಬೇಕು. ಅಂದರೆ ದುರಂತಕ್ಕೆ ಮೊದಲು ಟ್ರಿಫಿಡ್ ಒಂದು ಉದ್ಯಾನಸಸ್ಯ.

ಪರಕೀಯವಾದುದನ್ನು ಬೇಲಿಯೊಳಗೆ ತಂದು, ಅದರ ಹಲ್ಲು ಕಿತ್ತು, ಕುತೂಹಲದ ವಸ್ತುವಾಗಿ ಇಟ್ಟುಕೊಳ್ಳುವ ಈ ಗೃಹಸ್ಥಬುದ್ಧಿಯ ಚಿತ್ರಣದಲ್ಲಿ ವಿಂಡಮ್‌ನ ಶಕ್ತಿಯಿದೆ. ಆದರೆ ಅವನ ಕಲ್ಪನೆಯೂ ಆ ಬೇಲಿಯೊಳಗೇ ನಿಂತಿದೆಯೆಂದು ನಾವು ಹೇಳಬೇಕಾಗಿದೆ. ಕಾದಂಬರಿಯ ಪ್ರಾರಂಭವನ್ನು ನೋಡಿ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಬಿಲ್, ಬೀದಿಯ ಸದ್ದುಗಳು ಅಡಗಿರುವುದರಿಂದ ಲೋಕಕ್ಕೆ ಏನೋ ಆಗಿದೆಯೆಂದು ಅರಿಯುತ್ತಾನೆ. ಆ ಪುಟಗಳು ಕಿವಿಯ ಪುಟಗಳು. ಅವುಗಳ ಹೆಣಿಗೆ ಪ್ರಶಂಸನೀಯ. ಟ್ರಿಫಿಡ್ಡುಗಳೂ ಸದ್ದನ್ನೇ ಅನುಸರಿಸಿ ಬರುತ್ತವೆ. ಕಾಂಡದ ಬುಡದಲ್ಲಿರುವ ಸಣ್ಣ ಕಡ್ಡಿಗಳನ್ನು ಬಡಿದು ಅವು ತಮ್ಮೊಳಗೆ ಮಾತನಾಡುತ್ತಿರಬಹುದೆಂದು ಬಿಲ್‌ನ ಸಹೋದ್ಯೋಗಿ ವಾಲ್ಟರ್ ಲಕ್ನರ್ ಶಂಕಿಸುತ್ತಾನೆ. ಕಣ್ಣಿಲ್ಲದ ಮನುಷ್ಯನೂ ಕಣ್ಣಿಲ್ಲದ ಗಿಡವೂ ಎದುರಾದರೆ ಗೆಲುವು ಗಿಡದ್ದೇ ಎಂದು ಅವನೇ ಮುಂದಾಗಿ ಹೇಳುವ ಮಾತು ಇಡೀ ಕಾದಂಬರಿಯ ತಿರುಳು.

ಹೀಗಿರಲಾಗಿ, ದೃಷ್ಟಿ ಅಳಿದ ಲೋಕದಲ್ಲಿ ಕಿವಿಯ ಜೊತೆಗೆ ಮೂಗೂ ಎಚ್ಚರಗೊಳ್ಳಬೇಕಲ್ಲವೆ? ಟ್ರಿಫಿಡ್ ತಿನ್ನುವುದು ಹಸಿ ಮಾಂಸವನ್ನಲ್ಲ. ಅದರ ಚಾವಟಿಗೆ ಗಟ್ಟಿ ಮಾಂಸ ಹರಿಯುವ ಬಲವಿಲ್ಲವಾದುದರಿಂದ, ಕೊಂದ ದೇಹ ಕೊಳೆಯುವವರೆಗೆ ಅದು ಪಕ್ಕದಲ್ಲಿಯೇ ನಿಂತು ಕಾಯುತ್ತದೆ. ಬಳಿಕ ಚೂರುಚೂರಾಗಿ ಕಿತ್ತು ತನ್ನ ಬಟ್ಟಲಿಗೆ ಹಾಕಿಕೊಳ್ಳುತ್ತದೆ. ಕಾದಂಬರಿಯ ಅತ್ಯಂತ ಭೀಕರ ಕಲ್ಪನೆ ಇದು. ಕಾಯುವ ಗಿಡ! ಇಲ್ಲಿ ಬೀಭತ್ಸವು ಬಾಗಿಲಲ್ಲಿಯೇ ನಿಂತಿದೆ. ಆದರೆ ವಿಂಡಮ್ ಅದನ್ನು ವರದಿಯ ಧಾಟಿಯಲ್ಲಿ ನಾಲ್ಕು ಮಾತಿನಲ್ಲಿ ತಿಳಿಸಿ ಮುಂದೆ ಸಾಗುತ್ತಾನೆ. ಮುಂದೆ ನಗರ ಕೊಳೆಯುತ್ತದೆ, ರೋಗ ಹರಡುತ್ತದೆ. ಅದು ಮನುಷ್ಯನ ಕೊಳೆತ, ಗಿಡದ ಗಂಧವಲ್ಲ. ಟ್ರಿಫಿಡ್ಡಿಗೆ ತನ್ನದೇ ಆದ ವಾಸನೆಯೊಂದಿದ್ದು, ಕತ್ತಲಲ್ಲಿ ಅದರಿಂದಲೇ ಕುರುಡರು ಅದರ ಸಾಮೀಪ್ಯವನ್ನು ಅರಿಯುವ ಒಂದು ಸನ್ನಿವೇಶವಿದ್ದಿದ್ದರೆ ಕಥೆಯ ಸಮತೋಲವೇ ಬೇರೆಯಾಗುತ್ತಿತ್ತು. ಗಿಡಕ್ಕೆ ಕಡ್ಡಿಗಳ ಭಾಷೆಯನ್ನು ಕೊಟ್ಟ ಲೇಖಕನಿಗೆ, ಹೂಬಿಡುವ ಗಿಡಗಳಿಗೆ ಕೋಟ್ಯಂತರ ವರ್ಷಗಳಿಂದ ಒಂದು ಭಾಷೆ ಇದ್ದೇ ಇದೆಯೆಂಬುದು ನೆನಪಾಗಲಿಲ್ಲ.

ಇದೇನು ಭಾಷೆಯೆಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕರಾವಳಿ ಮಲೆನಾಡುಗಳ ಹಿತ್ತಿಲಿನ ಸುವರ್ಣಗಡ್ಡೆಯನ್ನು ಎಲ್ಲರೂ ಬಲ್ಲರು. ಅದು ನಾಲಗೆಗೆ ಕೆರೆತ ತರುತ್ತದೆಂದೂ ಹುಣಿಸೆ ಹಾಕಿ ಬೇಯಿಸಬೇಕೆಂದೂ ಬಲ್ಲರು. ಅದರ ಹೂವನ್ನು ಕಂಡವರು ಕಡಿಮೆ, ಏಕೆಂದರೆ ಗಡ್ಡೆ ಬಲಿತು ಹೂಬಿಡುವ ಮೊದಲೇ ನಾವು ಅದನ್ನು ಅಗೆದಿರುತ್ತೇವೆ. ಅಗೆಯದೆ ಬಿಟ್ಟರೆ ಮುಂಗಾರಿನ ಪ್ರಾರಂಭದಲ್ಲಿ, ಎಲೆಯ ಸುಳಿವೇ ಇಲ್ಲದೆ, ನೆಲದಿಂದ ನೇರವಾಗಿ ನೇರಿಳೆಗೆಂಪು ಬಣ್ಣದ ದೊಡ್ಡ ಹೂಗೊಂಚಲೊಂದು ಮೇಲೇಳುತ್ತದೆ. ಅಂಗಳದಲ್ಲೆಲ್ಲೋ ಇಲಿ ಸತ್ತಿದೆಯೆಂದು ಮನೆಯವರು ಹುಡುಕಾಡುವಂತಾಗುತ್ತದೆ. ಇದರ ದೊಡ್ಡ ದಾಯಾದಿ ಸುಮಾತ್ರಾ ದ್ವೀಪದ ಟೈಟನ್ ಅರಮ್. ಇಟಲಿಯ ಓಡೋವಾರ್ಡೊ ಬೆಕಾರಿ ಎಂಬ ಸಸ್ಯಶಾಸ್ತ್ರಜ್ಞನು ಅದನ್ನು ೧೮೭೮ರಲ್ಲಿ ಕಂಡನು. ೧೮೮೯ರಲ್ಲಿ ಅದು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಅರಳಿತು. ವೆಲ್ಸ್‌ನ ಕಥೆ ಪ್ರಕಟವಾದದ್ದು ಅದಾದ ಐದು ವರ್ಷಕ್ಕೆ. ಗಾಜಿನ ಮನೆ, ಪೂರ್ವದೇಶದಿಂದ ಬಂದ ಗಡ್ಡೆ, ಮೂಗನ್ನು ಮುತ್ತುವ ವಾಸನೆ, ಎಲ್ಲವೂ ಆ ಉದ್ಯಾನದಲ್ಲಿದ್ದವು. ಒಂದರಲ್ಲಿ ದುರ್ಗಂಧ, ಇನ್ನೊಂದರಲ್ಲಿ ಸುಗಂಧ ಎಂಬುದಷ್ಟೇ ಭೇದ. ಕಥೆಗೆ ಆ ಘಟನೆಯೇ ಪ್ರೇರಣೆಯೆಂದು ನಾವು ಹೇಳುತ್ತಿಲ್ಲ. ಅಂತಹ ಗಿಡ ಊರಿನಲ್ಲಿಯೇ ಇದ್ದ ಕಾಲದಲ್ಲಿ ಕಥೆಗಾರನ ಕಲ್ಪನೆ ಯಾವ ಕಡೆಗೆ ವಾಲಿತೆಂಬುದು ಮಾತ್ರ ಗಮನಾರ್ಹ.

ಈ ಹೂಗೊಂಚಲು ಮೂರು ಮೀಟರಿನವರೆಗೂ ಬೆಳೆಯಬಲ್ಲದು. ಅರಳಿದ ಇರುಳು ಅದರ ನಡುದಂಡ ತಾನೇ ಬಿಸಿಯಾಗುತ್ತದೆ. ಆ ಶಾಖದಿಂದ ಗಂಧಕದ ಸಂಯುಕ್ತಗಳು ಆವಿಯಾಗಿ ದೂರಕ್ಕೆ ಹರಡುತ್ತವೆ. (ಗಂಧಕವೆಂಬ ಹೆಸರಿನೊಳಗೇ ಗಂಧವಿರುವುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.) ಈ ಕುಲದ ಗಿಡಗಳು ಬಿಸಿಯಾಗುವುದನ್ನು ಲಮಾರ್ಕನು ೧೭೭೮ರಲ್ಲಿಯೇ ಬರೆದಿಟ್ಟಿದ್ದನು. ಹೆಣವನ್ನು ಹುಡುಕುವ ನೊಣಜೀರುಂಡೆಗಳಿಗೆ ಇದು ಕರೆ. ಅವು ಬಂದು, ಒಳಗೆ ಅಲೆದಾಡಿ, ಪರಾಗವನ್ನು ಹೊತ್ತು ಹೋಗುತ್ತವೆ. ತಿನ್ನಲು ಮಾಂಸ ಮಾತ್ರ ಅಲ್ಲಿಲ್ಲ. ನಮ್ಮಲ್ಲಿಯೂ ಕೆಲವರು ಕುಂಡದಲ್ಲಿ ಬೆಳೆಸುವ, ನಕ್ಷತ್ರಾಕಾರದ ಹೂವಿನ ಸ್ಟೆಪೀಲಿಯ ಎಂಬ ಆಫ್ರಿಕದ ಗಿಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರ ದಳಗಳ ಮೇಲೆ ನವುರಾದ ರೋಮವಿದ್ದು, ನೊಣವು ಅದನ್ನು ಸತ್ತ ಪ್ರಾಣಿಯೆಂದೇ ಬಗೆದು ಮೊಟ್ಟೆಯಿಡುತ್ತದೆ. ಹುಟ್ಟಿದ ಮರಿಹುಳುಗಳು ಆಹಾರವಿಲ್ಲದೆ ಸಾಯುತ್ತವೆ. ೧೮೧೮ರಲ್ಲಿ ಜೋಸೆಫ್ ಆರ್ನಾಲ್ಡ್ ಎಂಬ ವೈದ್ಯನು ರಾಫಲ್ಸ್‌ನೊಡನೆ ಸುಮಾತ್ರಾದ ಕಾಡಿಗೆ ಹೋದಾಗ ಕಂಡ, ಸುಮಾರು ಒಂದು ಮೀಟರ್ ಅಗಲದ ರಾಫ್ಲೇಸಿಯ ಹೂವಿಗಂತೂ ಎಲೆಯಿಲ್ಲ, ಕಾಂಡವಿಲ್ಲ, ಬೇರಿಲ್ಲ. ಒಂದು ಬಳ್ಳಿಯ ಒಡಲೊಳಗೆ ಎಳೆಯೆಳೆಯಾಗಿ ಅಡಗಿದ್ದು, ಹೂವಾಗುವಾಗ ಮಾತ್ರ ಸಿಡಿದು ಹೊರಬಂದು, ಕೊಳೆತ ಮಾಂಸದಂತೆ ನಾರಿ, ಕೆಲವು ದಿನಗಳಲ್ಲಿ ಕರಗಿಹೋಗುತ್ತದೆ. ಅನ್ಯಲೋಕದ ಯಾವ ಗಿಡವನ್ನು ಕಲ್ಪಿಸಿದವರೂ ಇಷ್ಟು ದೂರ ಹೋಗಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬೀಭತ್ಸದ ವಿಭಾವಗಳನ್ನು ಹೇಳುವಾಗ ಭರತನು ಅಪ್ರಿಯವಾದ ನೋಟದೊಡನೆ ಗಂಧ, ರಸ, ಸ್ಪರ್ಶ, ಶಬ್ದಗಳ ದೋಷವನ್ನೂ ಎಣಿಸುತ್ತಾನೆ. ಹೇಸಿಗೆಯ ಲಕ್ಷಣವೆಂದರೆ ಮುಖ ತಿರುಗಿಸುವುದು, ಮೂಗು ಮುಚ್ಚುವುದು, ದೂರ ಸರಿಯುವುದು. ಎಲ್ಲಿಯವರೆಗೆ ದೂರ ಸರಿಯಲು ಆಗುತ್ತದೆಯೋ ಅಲ್ಲಿಯವರೆಗೆ ಅದು ಹೇಸಿಗೆಯೇ. ಸರಿಯಲು ಆಗದೆ ಹೋದಾಗ, ಅಥವಾ ಹೇಸಿಗೆ ಹುಟ್ಟಿಸುವ ವಸ್ತುವಿಗೆ ತನ್ನದೇ ಆದ ಉದ್ದೇಶವಿದೆಯೆಂದೂ ಆ ಉದ್ದೇಶದಲ್ಲಿ ನಾವು ಇಲ್ಲವೆಂದೂ ಹೊಳೆದಾಗ, ಅದು ಭಯವಾಗುತ್ತದೆಯೆಂದು ನಮಗೆ ತೋರುತ್ತದೆ. ಸುವರ್ಣಗಡ್ಡೆಯ ಹೂ ನಮ್ಮನ್ನು ಓಡಿಸಲು ನಾರುತ್ತಿಲ್ಲ. ಅದು ನಮ್ಮೊಡನೆ ಮಾತನಾಡುತ್ತಲೇ ಇಲ್ಲ. ನೊಣಕ್ಕೆ ಅದೇ ವಾಸನೆ ಆಮಂತ್ರಣ. ರಸದ ಭಾಷೆಯಲ್ಲಿ ಹೇಳುವುದಾದರೆ, ವಿಭಾವ ಒಂದೇ ಆದರೂ ಆಶ್ರಯ ಬದಲಾದೊಡನೆ ಸ್ಥಾಯಿ ಬದಲಾಗಿದೆ. ಜುಗುಪ್ಸೆಯಿದ್ದಲ್ಲಿ ರತಿ! ಮನುಷ್ಯನು ಸೃಷ್ಟಿಯ ಸಭಾಮಧ್ಯದ ಸಹೃದಯನಲ್ಲ, ಎಲ್ಲೋ ಬಾಗಿಲ ಬಳಿ ನಿಂತ ಅನ್ಯನೆಂಬ ಅರಿವನ್ನು ಈ ಹೂ ತಂದುಕೊಡುತ್ತದೆ. ಟ್ರಿಫಿಡ್ಡಿಗೆ ಮನುಷ್ಯ ಬೇಕು, ವೆಡರ್‌ಬರ್ನನ ಆರ್ಕಿಡ್ಡಿಗೂ ಬೇಕು. ನಮ್ಮನ್ನು ತಿನ್ನಬಯಸುವ ಗಿಡ ನಮ್ಮನ್ನು ಎಷ್ಟೇ ಹೆದರಿಸಿದರೂ ಒಂದು ಬಗೆಯ ಗೌರವವನ್ನು ಕೊಟ್ಟಂತೆಯೇ. ನಮ್ಮ ಗೊಡವೆಯೇ ಇಲ್ಲದೆ ನಾರುವ ಗಿಡ ಅದನ್ನೂ ಕೊಡುವುದಿಲ್ಲ.

ವಾಸನೆಯಿಲ್ಲದಿರುವುದು ಎಲ್ಲ ಕಡೆಗೂ ದೋಷವೆಂದು ನಮ್ಮ ಮತವಲ್ಲ. ಜಾಕ್ ಫಿನಿಯ ೧೯೫೫ರ 'ದಿ ಬಾಡಿ ಸ್ನ್ಯಾಚರ್ಸ್' ಕಾದಂಬರಿ, ನಮ್ಮ ಮೂರನೆಯ ಕೃತಿ, ಇದಕ್ಕೆ ನಿದರ್ಶನ. ಅಲ್ಲಿ ಆಕಾಶಮಾರ್ಗವಾಗಿ ತೇಲಿಬಂದ ದೊಡ್ಡ ಬೀಜಕೋಶಗಳು, ಮಲಗಿದವರ ಪಕ್ಕದಲ್ಲಿದ್ದುಕೊಂಡು, ಅವರ ದೇಹವನ್ನೂ ನೆನಪುಗಳನ್ನೂ ಚಾಚೂ ತಪ್ಪದೆ ನಕಲು ಮಾಡುತ್ತವೆ. ಬಂದವನಿಗೆ ಹಳೆಯವನ ಗಾಯದ ಗುರುತೂ ಇದೆ, ಬಾಲ್ಯದ ನೆನಪೂ ಇದೆ, ಭಾವವಿಲ್ಲ. ಈ ಬೀಜಕೋಶಗಳು ನಾರಿದ್ದರೆ ಕಥೆ ಕೆಡುತ್ತಿತ್ತು. ನಮ್ಮ ಭಾಷೆಯಲ್ಲಿ 'ವಾಸನೆ' ಎಂಬ ಶಬ್ದಕ್ಕೆ ಮೂಗಿಗೆ ತಾಗುವ ಗಂಧವೆಂದೂ ಹಿಂದಿನ ಅನುಭವಗಳು ಚಿತ್ತದಲ್ಲಿ ಉಳಿಸಿದ ಸಂಸ್ಕಾರವೆಂದೂ ಎರಡು ಅರ್ಥಗಳಿವೆಯಷ್ಟೆ. ಫಿನಿಯ ನಕಲುಮನುಷ್ಯರಲ್ಲಿ ಸ್ಮೃತಿಯಿದೆ, ವಾಸನೆಯಿಲ್ಲ ಎಂದು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳಬಹುದು; ಮೂಲದ ಭಾಷೆಯಲ್ಲಿ ಅದಕ್ಕೆ ಒಂದು ಪುಟ ಬೇಕಾದೀತು. ತರ್ಕಸಂಗ್ರಹವನ್ನು ಓದಿದವರು ಇನ್ನೂ ಒಂದು ಮಾತನ್ನು ಸೇರಿಸಬಹುದು. ಗಂಧವು ಪೃಥ್ವಿಯೊಂದರದೇ ವಿಶೇಷಗುಣವೆಂದೂ ಅದು ಸುರಭಿ, ಅಸುರಭಿ ಎಂದು ಎರಡು ಬಗೆಯೆಂದೂ ಅನ್ನಂಭಟ್ಟನ ಸಿದ್ಧಾಂತ. ಆ ಲೆಕ್ಕದಲ್ಲಿ ಪೃಥ್ವಿಯದಲ್ಲದ ಬೀಜಕ್ಕೆ ಗಂಧವಿಲ್ಲದಿರುವುದು ಶಾಸ್ತ್ರಸಮ್ಮತವೇ. ಇದನ್ನು ನಾವು ವಿನೋದಕ್ಕಾಗಿ ಹೇಳಿದರೂ, ಮಣ್ಣಿನ ನಂಟು ಕಡಿದದ್ದರ ಗುರುತು ನಿರ್ಗಂಧತೆಯೆಂಬ ಭಾವನೆ ಫಿನಿಯ ಕೃತಿಗೆ ಚೆನ್ನಾಗಿ ಒಪ್ಪುತ್ತದೆ.

ನಾಲ್ಕನೆಯದು ಅರ್ಸುಲಾ ಲೆ ಗ್ವಿನ್ ೧೯೭೧ರಲ್ಲಿ ಪ್ರಕಟಿಸಿದ 'ವಾಸ್ಟರ್ ದ್ಯಾನ್ ಎಂಪೈರ್ಸ್ ಅಂಡ್ ಮೋರ್ ಸ್ಲೋ'. ಈ ಪ್ರಕಾರದಲ್ಲಿ ಇದೇ ಶ್ರೇಷ್ಠವೆಂದು ನಾವು ಎಣಿಸುತ್ತೇವೆ. ಅಲ್ಲಿಯ ಗ್ರಹದಲ್ಲಿ ಪ್ರಾಣಿಯೇ ಇಲ್ಲ, ಎಲ್ಲವೂ ಸಸ್ಯ. ಆ ಸಸ್ಯಗಳಿಗೆ ಕಾಲಿಲ್ಲ, ಕೊಂಡಿಯಿಲ್ಲ. ಕಾಡೆಲ್ಲ ಬೇರುಬೇರುಗಳಿಂದ ಹೆಣೆದು ಒಂದೇ ಚಿತ್ತವಾಗಿದೆ. ತನ್ನನ್ನು ಬಿಟ್ಟು ಮತ್ತೊಂದು ಇದೆಯೆಂಬುದನ್ನೇ ಅರಿಯದಿದ್ದ ಆ ಕಾಡು, ಮನುಷ್ಯರು ಬಂದಿಳಿದಾಗ ಮೊದಲ ಬಾರಿಗೆ ಹೆದರುತ್ತದೆ. ಪರರ ಭಾವಗಳನ್ನು ತಡೆಯಲಾರದೆ ಅನುಭವಿಸುವ ಆಸ್ಡೆನ್ ಎಂಬವನಿಗೆ ಆ ಭಯ ತಾಗುತ್ತದೆ, ಸಂಗಡಿಗರಲ್ಲಿಯೂ ಹರಡುತ್ತದೆ. ಭಯಾನಕದ ಆಶ್ರಯವೇ ಇಲ್ಲಿ ಗಿಡವಾಗಿದೆ. ನೊಣದ ಹೂವನ್ನು ಕುರಿತು ಮೇಲೆ ನಾವು ಹೇಳಿದ ಸ್ಥಾನಪಲ್ಲಟವನ್ನು ಈ ಲೇಖಕಿ ಬೇರೊಂದು ಮಾರ್ಗದಿಂದ ಸಾಧಿಸಿದ್ದಾಳೆ. ಇಲ್ಲಿಯೂ ದುರ್ಗಂಧದ ಪ್ರಸಕ್ತಿಯಿಲ್ಲ. ಆದರೆ ಇಲ್ಲಿ ಅದರ ಅಭಾವಕ್ಕೆ ಕಾರಣವಿದೆ. ನೊಣವಿಲ್ಲದ ಲೋಕದಲ್ಲಿ ಹೂ ಯಾರಿಗಾಗಿ ನಾರಬೇಕು? ಗಿಡಗಳು ಗಾಳಿಯ ಮೂಲಕ ತಮ್ಮತಮ್ಮೊಳಗೇ ಸುದ್ದಿ ಕಳುಹಿಸುತ್ತವೆಂಬ ಪ್ರಯೋಗಗಳ ವರದಿಗಳು ಪ್ರಕಟವಾದದ್ದು ೧೯೮೩ರಲ್ಲಿ, ಈ ಕಥೆ ಬಂದು ಹನ್ನೆರಡು ವರ್ಷಗಳ ಮೇಲೆ. ಹುಳು ಕಡಿದ ಮರ ಬಿಡುವ ಆವಿಯನ್ನು ಪಕ್ಕದ ಮರ ಗ್ರಹಿಸುತ್ತದೆಂಬ ಆ ವಿಚಾರ ಲೆ ಗ್ವಿನ್‌ಗೆ ಸಿಕ್ಕಿದ್ದರೆ ಆಸ್ಡೆನ್‌ಗೆ ಭಯದ ವಾಸನೆಯೂ ಬರುತ್ತಿತ್ತೇನೋ.

ಈ ಕಥೆಗಳನ್ನು ಕನ್ನಡಕ್ಕೆ ತರಹೊರಟವರಿಗೆ ಒಂದು ತೊಡಕು ಎದುರಾಗುತ್ತದೆ. ಅದು ನಮ್ಮ ವಿಚಾರಕ್ಕೂ ಸಂಬಂಧಿಸಿದ್ದು. ಕಂಪು, ಘಮ, ಪರಿಮಳ, ಸೌರಭ ಎಂದು ಒಳ್ಳೆಯ ವಾಸನೆಗೆ ನಮ್ಮಲ್ಲಿ ಮಾತುಗಳು ಧಾರಾಳವಾಗಿವೆ. ಮಲ್ಲಿಗೆ, ಸಂಪಿಗೆ, ಕೇದಗೆಗಳನ್ನು ವರ್ಣಿಸಿದ ಕವಿಗಳ ಪರಂಪರೆಯೇ ಅದಕ್ಕೆ ಕಾರಣ. ಕಾವ್ಯದ ಉದ್ಯಾನವರ್ಣನೆಯಲ್ಲಿ ಸುವರ್ಣಗಡ್ಡೆಯ ಹೂವಿಗೆ ಪ್ರವೇಶವಿಲ್ಲ. ಕೆಟ್ಟ ವಾಸನೆಗೆ ನಾತ, ಗಬ್ಬು ಎಂದು ಹೇಳಿದೊಡನೆ ಬೈಗುಳದ ಛಾಯೆ ಬಂದುಬಿಡುತ್ತದೆ; ಹೇಳುವವನು ಮೂಗು ಮುಚ್ಚಿಕೊಂಡಂತೆಯೇ ಕೇಳಿಸುತ್ತದೆ. ಆದರೆ ಹಳಗನ್ನಡದಲ್ಲಿ 'ನಾಱು' ಎಂಬ ಧಾತುವಿಗೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ವಾಸನೆಯನ್ನು ಬೀರು ಎಂಬಷ್ಟೇ ಅರ್ಥವಿತ್ತು. ಹೂವೂ ನಾಱುತ್ತಿತ್ತು, ಹೆಣವೂ ನಾಱುತ್ತಿತ್ತು. ತಮಿಳಿನ ಸಜಾತೀಯ ಶಬ್ದಕ್ಕೂ ಇದೇ ಗತಿಯಾಗಿದೆ. ನೊಣದ ಪಕ್ಷದಿಂದಲೂ ಮನುಷ್ಯನ ಪಕ್ಷದಿಂದಲೂ ಏಕಕಾಲಕ್ಕೆ ಹೇಳಬಲ್ಲ ಆ ಕ್ರಿಯಾಪದ ಈಗ ನಮ್ಮಲ್ಲಿ ಒಂದೇ ಪಕ್ಷದ್ದಾಗಿದೆ. ವೆಲ್ಸ್‌ನ ಆರ್ಕಿಡ್ಡಿಗೆ 'ಕಂಪು' ಎಂದರೆ ಕೊಲೆಯ ಸುಳಿವು ತಪ್ಪುತ್ತದೆ, 'ನಾತ' ಎಂದರೆ ವೆಡರ್‌ಬರ್ನ್ ಬಾಗಿ ನೋಡಿದ್ದೇಕೆಂಬುದು ತಿಳಿಯದು. ಅನುವಾದಕರು ಹಳೆಯ ಧಾತುವನ್ನು ಅದರ ಹಳೆಯ ಅರ್ಥದಲ್ಲಿಯೇ ಅಲ್ಲಿ ಬಳಸಿನೋಡಬೇಕೆಂದು ನಮ್ಮ ಸೂಚನೆ.